ಸಹಿಸಲಾಗದವರ ಸಲುವಾಗಿ ಒಂದು ಕನ್ನಡ ಧ್ಯಾನಕೂಟ

ಈಸ್ಟರಿಗೆ ಮುಂಚೆ ಕ್ರೈಸ್ತರು ಆಚರಿಸುವ ತಪಸ್ಸುಕಾಲದ ಮೂರನೆಯ ವಾರ ಬೆಂಗಳೂರಿನ ಒಂದು ಕಥೋಲಿಕ ಧ್ಯಾನಮಂದಿರದಲ್ಲಿ ನಡೆದ ಕನ್ನಡ ಧ್ಯಾನಕೂಟಕ್ಕೆ ಹೋಗಿಬಂದೆ. ಬಂದವರು ತಮ್ಮ ಮನೆಯೊಳಗಿನ ಸಂಕಟಗಳನ್ನು ನಂಬಿ ಹೇಳಿಕೊಂಡ ಸ್ಥಳವಾದ್ದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಶುಕ್ರವಾರ ಸಂಜೆ ಆರಂಭವಾಗಿ ಭಾನುವಾರ ಮಧ್ಯಾಹ್ನದ ಊಟದೊಂದಿಗೆ ಮುಗಿದ ಈ ಕೂಟದ ವಿಷಯ, ನಮಗೆ ಸಹಿಸಲಾಗದವರಲ್ಲಿ ಒಳಿತನ್ನು ಕಾಣುವುದು ಹೇಗೆ ಎಂಬುದಾಗಿತ್ತು.

ನಾನು ಹೋದದ್ದು ನಮ್ಮ ಬಾಡಿಗೆ ಮನೆಯ ಓನರಮ್ಮನವರ ಕಾರಣದಿಂದ. ಐದು ವರ್ಷಗಳಿಂದ ಅವರ ಮನೆಯ ಮೊದಲ ಮಹಡಿಯಲ್ಲಿದ್ದೇವೆ. ಬೆಳಿಗ್ಗೆ ಏಳು ಹೊಡೆಯಿತೆಂದರೆ ಅವರು ಮೋಟಾರ್ ನಿಲ್ಲಿಸುತ್ತಾರೆ. 2024ರ ಬೇಸಿಗೆಯಲ್ಲಿ ನಗರಕ್ಕೆಲ್ಲ ನೀರಿನ ಬರ ಬಂದು, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದಾಗ ಅವರು ನಮ್ಮ ಬಕೆಟ್ಟುಗಳನ್ನು ಎಣಿಸತೊಡಗಿದರು. ಆಮೇಲೆ ಮಳೆ ಬಂದರೂ ಎಣಿಕೆ ಮಾತ್ರ ನಿಲ್ಲಲಿಲ್ಲ. "ನೀರನ್ನ ಕುಡೀತೀರೋ, ಚೆಲ್ತೀರೋ?" ಎಂದು ನನ್ನ ತವರಿನವರ ಎದುರಿಗೇ ಕೇಳಿದ ದಿನದಿಂದ, ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದಾದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಪ್ರಭುವಿನ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದೊಡನೆ ನನ್ನ ದನಿ ಇಳಿದುಹೋಗುತ್ತಿತ್ತು.

ಕೋಣೆ ಚಿಕ್ಕದಾದರೂ ಚೊಕ್ಕಟವಾಗಿತ್ತು. ಶುಕ್ರವಾರ ಮಾಂಸ ವರ್ಜ್ಯವಾದ್ದರಿಂದ ರಾತ್ರಿ ಮುದ್ದೆ ಮತ್ತು ಬಸ್ಸಾರು ಬಡಿಸಿದರು, ರುಚಿಯಾಗಿತ್ತು. ನಿಗದಿತ ಶುಲ್ಕವಿಲ್ಲ, ಕೈಲಾದಷ್ಟನ್ನು ಲಕೋಟೆಯಲ್ಲಿಟ್ಟು ಕೊಡಬಹುದು.

ಬೋಧನೆಯ ಬಗ್ಗೆ ಹೆಚ್ಚು ಹೇಳಬೇಕು. ಮೊದಲ ಪಾಠಕ್ಕೆ ವಯಸ್ಸಾದ ಗುರುಗಳು ಯೇಸುಸಭೆಯನ್ನು (ಜೆಸ್ವಿಟ್ ಸಂಘವನ್ನು) ಸ್ಥಾಪಿಸಿದ ಸಂತ ಇಗ್ನೇಷಿಯಸರನ್ನು ಆರಿಸಿಕೊಂಡಿದ್ದರು. 1548ರಲ್ಲಿ ಜಗದ್ಗುರುಗಳ, ಅಂದರೆ ಪೋಪರ, ಒಪ್ಪಿಗೆ ಪಡೆದ ತಮ್ಮ ಧ್ಯಾನಾಭ್ಯಾಸಗಳ ಪುಸ್ತಕದಲ್ಲಿ, ಧ್ಯಾನಗಳು ಶುರುವಾಗುವ ಮೊದಲೇ, ಇಗ್ನೇಷಿಯಸರು ಒಂದು ನಿಯಮವನ್ನು ಇಟ್ಟಿದ್ದಾರೆ. ನೆರೆಯವನ ಮಾತನ್ನು ಖಂಡಿಸುವುದಕ್ಕಿಂತ ಅದಕ್ಕೆ ಒಳ್ಳೆಯ ಅರ್ಥ ಕೊಡಲು ವಿಶ್ವಾಸಿಯು ಹೆಚ್ಚು ಸಿದ್ಧನಿರಬೇಕು. ಹಾಗೆ ಕೊಡಲಾಗದಿದ್ದರೆ, ಯಾವ ಅರ್ಥದಲ್ಲಿ ಹೇಳಿದೆಯೆಂದು ಅವನನ್ನೇ ಕೇಳಬೇಕು. ಅದು ತಪ್ಪಾಗಿದ್ದರೆ ಪ್ರೀತಿಯಿಂದ ತಿದ್ದಬೇಕು. ಗುರುಗಳು ಒತ್ತಿ ಹೇಳಿದ್ದು ನಡುವಿನ ಆ 'ಕೇಳಬೇಕು' ಎಂಬ ಮಾತನ್ನು. ಐದು ವರ್ಷಗಳಲ್ಲಿ ನಾನು ಓನರಮ್ಮನವರ ಬಗ್ಗೆ ಊರಿಗೆಲ್ಲ ಹೇಳಿದ್ದೆ, ಅವರನ್ನು ಮಾತ್ರ ಏನನ್ನೂ ಕೇಳಿರಲಿಲ್ಲ.

ಆ ರಾತ್ರಿ ನೋಟುಪುಸ್ತಕದ ಹಾಳೆಯ ನಡುವೆ ಗೆರೆ ಎಳೆಸಿ, ಎಡಕ್ಕೆ 'ಕಂಡದ್ದು', ಬಲಕ್ಕೆ 'ಅಂದುಕೊಂಡದ್ದು' ಎಂದು ಬರೆಸಿದರು. ನನ್ನ ಎಡಭಾಗದಲ್ಲಿ ಏಳು ಗಂಟೆಗೆ ಮೋಟಾರ್ ನಿಲ್ಲಿಸುತ್ತಾರೆ, ಬಕೆಟ್ ಎಣಿಸುತ್ತಾರೆ, ನೆಂಟರ ಮುಂದೆ ಆಡಿದರು ಎಂಬ ಮೂರೇ ಸಾಲುಗಳಿದ್ದವು. ಬಲಭಾಗ ತುಂಬಿ ಹಿಂದಿನ ಪುಟಕ್ಕೂ ಹರಿದಿತ್ತು.

ಶನಿವಾರ ಧರ್ಮಭಗಿನಿಯೊಬ್ಬರು ಫ್ರಾನ್ಸಿನ ಲಿಸ್ಯೂವಿನಲ್ಲಿ ಸಂನ್ಯಾಸಿನಿಯಾಗಿದ್ದ ಸಂತ ತೆರೇಸರ ಬಗ್ಗೆ ಮಾತನಾಡಿದರು. ಮಠದಲ್ಲಿ ಒಬ್ಬ ಸಹೋದರಿಯ ನಡೆನುಡಿಯೆಲ್ಲವೂ ತೆರೇಸರಿಗೆ ಹಿಡಿಸುತ್ತಿರಲಿಲ್ಲ. ಆದರೂ ಎದುರಾದಾಗಲೆಲ್ಲ ಆಕೆಗಾಗಿ ಪ್ರಾರ್ಥಿಸಿ, ಸಣ್ಣಪುಟ್ಟ ಸೇವೆ ಮಾಡಿ, ಕಟುವಾಗಿ ಉತ್ತರಿಸಬೇಕೆನಿಸಿದಾಗ ನಕ್ಕು ಮಾತು ತಿರುಗಿಸುತ್ತಿದ್ದರು. ನನ್ನಲ್ಲಿ ನಿಮ್ಮನ್ನು ಸೆಳೆಯುವಂಥದ್ದು ಏನಿದೆಯೆಂದು ಕೊನೆಗೆ ಆ ಸಹೋದರಿಯೇ ಕೇಳಿದಳಂತೆ. ಈ ಕಥೆಯನ್ನು ನಾನು ಪ್ರಬೋಧನೆಗಳಲ್ಲಿ ಹಿಂದೆಯೂ ಕೇಳಿದ್ದೆ. ಕೇಳಿರದಿದ್ದುದು, ಮನಸ್ಸು ಮೀರಿ ಹೋಗುವಂತಾದಾಗ ತೆರೇಸರು ರಣರಂಗ ಬಿಟ್ಟ ಸೈನಿಕನಂತೆ ಅಲ್ಲಿಂದ ಓಡಿಹೋಗುತ್ತಿದ್ದರೆಂಬುದು. 1897ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ ಅವರೇ ಇದನ್ನು ಬರೆದಿಟ್ಟಿದ್ದಾರೆ. ಪ್ರೀತಿ ಉಳಿಸಿಕೊಳ್ಳಲು ದೂರ ಸರಿಯುವುದೂ ವಿಶ್ವಾಸದ ದಾರಿಯೇ ಎಂದು ಆ ಧರ್ಮಭಗಿನಿ ಹೇಳಿದಾಗ ನನ್ನ ಕಣ್ಣು ತುಂಬಿ ಬಂತು.

ಕೊರತೆಯನ್ನೂ ಹೇಳಲೇಬೇಕು. ಕುಡಿದು ಹೊಡೆಯುವ ಗಂಡನಲ್ಲೂ ಒಳಿತನ್ನೇ ಹುಡುಕುತ್ತಾ ಕೂರಬೇಕೇ ಎಂಬ ಪ್ರಶ್ನೆ ಭಾನುವಾರ ಬೆಳಿಗ್ಗೆ ಸಭೆಯಿಂದ ಎದ್ದಿತು. ಒಳಿತನ್ನು ಕಾಣುವುದು ಬೇರೆ, ಪೆಟ್ಟು ತಿನ್ನುತ್ತಾ ಸುಮ್ಮನಿರುವುದು ಬೇರೆ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು, ಅಗತ್ಯವಾದರೆ ಪೊಲೀಸರಿಗೆ ತಿಳಿಸಬೇಕು ಎಂದು ಗುರುಗಳು ಖಡಾಖಂಡಿತವಾಗಿ ಉತ್ತರಿಸಿದರು. ಉತ್ತರ ಸರಿಯಾಗಿತ್ತು, ಆದರೆ ಯಾರೂ ಕೇಳದಿದ್ದರೆ ಅದು ಬರುತ್ತಲೇ ಇರಲಿಲ್ಲ. ಇಂಥ ಕೂಟದಲ್ಲಿ ಶುಕ್ರವಾರ ಸಂಜೆಯೇ ಹೇಳಬೇಕಾದ ಮೊದಲ ಮಾತು ಅದು. ಪಾಪನಿವೇದನೆಗೆ ಒಬ್ಬರೇ ಗುರುಗಳಿದ್ದುದರಿಂದ ಸರದಿ ರಾತ್ರಿ ಹತ್ತೂವರೆಯವರೆಗೂ ಎಳೆಯಿತು. ವಯಸ್ಸಾದವರಿಗೆ ಅದು ಕಷ್ಟವಾಯಿತು.

ಹಿಂತಿರುಗಿದ ಮೇಲೆ ಎಡಗಡೆಯ ಸಾಲುಗಳನ್ನು ಮಾತ್ರ ಬರೆಯುತ್ತಾ ಬಂದೆ. ಮಂಗಳವಾರ ಬೆಳಿಗ್ಗೆ ಕಂಡದ್ದು: ಮೋಟಾರ್ ನಿಲ್ಲಿಸುವ ಮುಂಚೆ ಓನರಮ್ಮನವರು ಒಂದು ಸ್ಟೀಲ್ ಕೊಡ ತುಂಬಿ, ತಟ್ಟೆ ಮುಚ್ಚಿ, ಮೇಲೆ ಎರಡು ಲೋಟ ಬೋರಲು ಹಾಕಿ ಗೇಟಿನ ಹೊರಗಿಟ್ಟರು. ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರು ಬಂದು, ಪೊರಕೆ ಗೋಡೆಗೆ ಒರಗಿಸಿ, ಕುಡಿದು ಹೋದರು. ಆ ಕೊಡದ ಪಕ್ಕದಲ್ಲೇ ನಾನು ಐದು ವರ್ಷ ಓಡಾಡಿದ್ದೆ. ಅದೇ ವಾರ ಧೈರ್ಯ ಮಾಡಿ, ಏಳು ಗಂಟೆಗೇ ಯಾಕೆ ನಿಲ್ಲಿಸುತ್ತೀರೆಂದು ಕೇಳಿದೆ. "ಸಂಪ್ ತಳ ಕಂಡ್ರೆ ಮೋಟಾರ್ ಸುಟ್ಟೋಗುತ್ತೆ ಕಣಮ್ಮ, ಎರಡು ಸಲ ಸುಟ್ಟಿದೆ. ನಮ್ಮೆಜಮಾನ್ರು ಹೋದ್ಮೇಲೆ ರಿಪೇರಿಗೆ ಓಡಾಡೋರು ಯಾರು?" ಎಂದರು.

ಮೊನ್ನೆಯೂ ಬಕೆಟ್ ಎಣಿಸಿದರು. ಮಾತು ಬಾಯಿಗೆ ಬಂದಿತ್ತು. ತೆರೇಸರನ್ನು ನೆನೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಇದೇ ಕೂಟ ಮತ್ತೆ ನಡೆಯಲಿದೆ, ನನ್ನ ನಾದಿನಿಯ ಹೆಸರನ್ನೂ ಸೇರಿಸಿ ಬರೆಸಿದ್ದೇನೆ.