ದುರ್ಗಿಗುಡಿಯ ಒಂದು ಮೆಡಿಕಲ್ ಶಾಪ್: ನೋವಿನ ಮಾತ್ರೆಯ ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ಶಿವಮೊಗ್ಗದ ಯಾವ ಮೆಡಿಕಲ್ ಶಾಪಿಗೆ ಹೋದರೂ ಸೊಂಟನೋವಿಗೆ, ಮಂಡಿನೋವಿಗೆ ಮಾತ್ರೆ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ನೋವಿನ ಮಾತ್ರೆಯ ಜೊತೆಗೆ ಪ್ಯಾಂಟೊಪ್ರಜೋಲ್ ಎಂಬ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಕತ್ತರಿಸಿ ಕೊಡುವುದು ರೂಢಿ. ದುರ್ಗಿಗುಡಿಯ ಈ ಅಂಗಡಿಯೂ ಅದಕ್ಕೆ ಹೊರತಲ್ಲ. ಆದರೆ ಏಕೆಂದು ಕೇಳಿದರೆ ಇಲ್ಲಿ ಸರಿಯಾದ ಉತ್ತರ ಸಿಗುತ್ತದೆ. ಬೇರೊಂದು ಅಂಗಡಿಯಲ್ಲಿ ನನಗೆ ಸಿಕ್ಕ ಉತ್ತರ, ‘ಲಿವರಿಗೆ ಏನೂ ಆಗಬಾರದಲ್ಲ, ಅದಕ್ಕೆ’ ಎಂದಾಗಿತ್ತು.

ಅದು ತಪ್ಪು. ನೋವಿನ ಮಾತ್ರೆಗಳಲ್ಲಿರುವ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್‌ಗಳಿಂದ ಹೊಟ್ಟೆಯ ಒಳಪದರಕ್ಕೆ ಹುಣ್ಣಾಗದಿರಲೆಂದು ಪ್ಯಾಂಟೊಪ್ರಜೋಲ್ ಕೊಡುತ್ತಾರೆಯೇ ಹೊರತು, ಅದೇ ಮಾತ್ರೆಗಳಲ್ಲಿ ಹಲವು ವೇಳೆ ಬೆರೆತಿರುವ ಪ್ಯಾರಾಸಿಟಮಾಲ್ ಅತಿಯಾದಾಗ ಲಿವರಿಗೆ ಆಗುವ ಹಾನಿಯನ್ನು ಅದು ತಡೆಯುವುದಿಲ್ಲ. ಪ್ಯಾರಾಸಿಟಮಾಲಿನ ಬಹುಪಾಲನ್ನು ಲಿವರ್ ನಿರಪಾಯಕಾರಿಯಾಗಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಸ್ವಲ್ಪ ಭಾಗ ಮಾತ್ರ ಲಿವರಿನಲ್ಲಿರುವ ಸೈಟೊಕ್ರೋಮ್ ಪಿ450 ಎಂಬ ಕಿಣ್ವಗಳಿಂದ ವಿಷವಸ್ತುವಾಗಿ ಮಾರ್ಪಡುತ್ತದೆ, ಅದನ್ನು ಲಿವರಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತು ಕಟ್ಟಿಹಾಕುತ್ತದೆ. ಪ್ರಮಾಣ ಮೀರಿ ಗ್ಲುಟಾಥಯೋನ್ ಬರಿದಾದಾಗ ಆ ವಿಷ ಲಿವರಿನ ಜೀವಕೋಶಗಳನ್ನೇ ಕೊಲ್ಲುತ್ತದೆ. 1970ರ ದಶಕದಲ್ಲಿ ಬಳಕೆಗೆ ಬಂದ ಸಿಮೆಟಿಡಿನ್ ಎಂಬ ಆಮ್ಲನಿರೋಧಕ ಔಷಧಿ ಈ ಕಿಣ್ವಗಳನ್ನು ತಡೆಯುವುದರಿಂದ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಲಿವರನ್ನು ಕಾಪಾಡಿದ್ದುಂಟು, ಆದರೆ ರೋಗಿಗಳಲ್ಲಿ ಅಂಥ ಪ್ರಯೋಜನ ಸಾಬೀತಾಗಲಿಲ್ಲ. ಅದೇ ವರ್ಗದ ರಾನಿಟಿಡಿನ್ ಇಲಿಗಳಲ್ಲಿ ಹಾನಿಯನ್ನು ಹೆಚ್ಚಿಸಿದ್ದೂ ಇದೆ. ಪ್ಯಾರಾಸಿಟಮಾಲ್ ವಿಷವೇರಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಎನ್-ಅಸಿಟೈಲ್‌ಸಿಸ್ಟೀನ್, ಅದೂ ಮಾತ್ರೆ ನುಂಗಿದ 8 ಗಂಟೆಗಳೊಳಗೆ ಸಿಕ್ಕರೆ ಅತ್ಯಂತ ಪರಿಣಾಮಕಾರಿ.

ಇಲ್ಲಿನ ಫಾರ್ಮಾಸಿಸ್ಟ್ ಇಷ್ಟೆಲ್ಲ ಪಾಠ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅವರು ಸ್ಟ್ರಿಪ್ಪನ್ನು ಮಗುಚಿ, ಹಿಂಬದಿಯ ಸಣ್ಣಕ್ಷರಗಳಲ್ಲಿ ‘ಅಸೆಕ್ಲೊಫೆನಾಕ್ 100, ಪ್ಯಾರಾಸಿಟಮಾಲ್ 325’ ಎಂದಿರುವುದರ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ಮನೆಯಲ್ಲಿ ಜ್ವರಕ್ಕೆಂದು ಡೋಲೊ 650 ನುಂಗುತ್ತಿದ್ದೀರಾ, ನೆಗಡಿಯ ಮಾತ್ರೆ ಏನಾದರೂ ನಡೆದಿದೆಯೇ, ಕುಡಿಯುವ ಅಭ್ಯಾಸವಿದೆಯೇ ಎಂದು ಕೇಳುತ್ತಾರೆ. ಮೂರು ಬೇರೆ ಬೇರೆ ಹೆಸರಿನ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲೇ ಇರಬಹುದೆಂಬುದು, ವಯಸ್ಕರ ದಿನದ ಗರಿಷ್ಠ ಮಿತಿ 4 ಗ್ರಾಂ ಎಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಮಳೆಗಾಲದ ಜ್ವರವಾದರೆ ಅವರು ಮಾತ್ರೆ ಕೊಡುವ ಮೊದಲು ರಕ್ತಪರೀಕ್ಷೆಯ ಮಾತೆತ್ತುತ್ತಾರೆ. ಇಲಿಜ್ವರ ತಾನೇ ಲಿವರಿಗೆ ಪೆಟ್ಟು ಕೊಡಬಲ್ಲದಾದ್ದರಿಂದ ಈ ಎಚ್ಚರಿಕೆ ನನಗೆ ಅತಿಯೆನಿಸಲಿಲ್ಲ.

ಕೊರತೆಗಳೂ ಇವೆ. ಸಂಜೆಯ ಹೊತ್ತು ಫಾರ್ಮಾಸಿಸ್ಟ್ ಇರುವುದಿಲ್ಲ. ಕೌಂಟರಿನ ಹುಡುಗರು ಚೀಟಿಯನ್ನೂ ಕೇಳದೆ ಮಾತ್ರೆ ಕೊಟ್ಟು ಕಳಿಸುತ್ತಾರೆ. ಸ್ಟ್ರಿಪ್ಪನ್ನು ಅವರು ಕತ್ತರಿಸುವ ರೀತಿಗೆ ಮಾತ್ರೆಯ ಹೆಸರು, ಅವಧಿ ಮುಗಿಯುವ ದಿನಾಂಕ ಎರಡೂ ಅಂಗಡಿಯಲ್ಲೇ ಉಳಿಯುತ್ತವೆ. ಕೇಳದಿದ್ದರೆ ಬಿಲ್ಲೂ ಇಲ್ಲ. ಹಾಗಾಗಿ ಬೆಳಿಗ್ಗೆಯ ಹೊತ್ತಿನಲ್ಲೇ, ಮನೆಯಲ್ಲಿರುವ ಹಳೆಯ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು.