ನೆಲ ನಿಜಕ್ಕೂ ಡೊಂಕು: ‘ನನಗೆ ಚಿತ್ರ ಬರಲ್ಲ’ ಅನ್ನುವವರ ಜಲವರ್ಣ ಕಿಟ್, ಮಡಿಕೇರಿ ಮಳೆಯಲ್ಲಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜಲವರ್ಣದ ಮಟ್ಟಿಗೆ ಈ ಗಾದೆ ಅರ್ಧ ಸುಳ್ಳು. ಹೊಸದಾಗಿ ಚಿತ್ರಕ್ಕೆ ಕೂರುವ ದೊಡ್ಡವರಿಗೆಂದು ಮಾರುವ ಕಿಟ್‌ಗಳಲ್ಲಿ ಎಷ್ಟೋ ಸಲ ನೆಲವೇ, ಅಂದರೆ ಕಾಗದವೇ ಡೊಂಕು. ಎರಡು ಹಾಳೆ ಕೆಟ್ಟ ಮೇಲೆ ‘ನನ್ನ ಕೈಗೆ ಇದು ಒಲಿದಿಲ್ಲ’ ಅಂತ ಪೆಟ್ಟಿಗೆ ಅಟ್ಟ ಸೇರುತ್ತದೆ. ಇಲ್ಲಿ ನೋಡುತ್ತಿರುವುದು ಅಂಥದೇ ಒಂದು ಕಿಟ್: 12 ಅರ್ಧ ಪ್ಯಾನ್ (ಒಣ ಬಣ್ಣದ ಚಿಕ್ಕ ಬಿಲ್ಲೆ) ಬಣ್ಣ, ಹಿಡಿಯೊಳಗೇ ನೀರು ತುಂಬುವ ಬ್ರಷ್, ಎ5 ಅಳತೆಯ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ ಕಾಗದದ) ಪ್ಯಾಡ್, ಒಂದು 2ಬಿ ಪೆನ್ಸಿಲ್, ಜೊತೆಗೆ ಅಭ್ಯಾಸದ ಕಾರ್ಡುಗಳು.

ಮೊದಲು ಪ್ಯಾಡ್, ಯಾಕೆಂದರೆ ಕಿಟ್ ಕೆಡುವುದು ಇಲ್ಲೇ. 200 ಜಿಎಸ್‌ಎಂ ಮರದ ತಿರುಳಿನ ಕಾಗದ ಒದ್ದೆಯಾದರೆ ಉಬ್ಬುತ್ತದೆ. ಉಬ್ಬು ತಗ್ಗುಗಳಾದರೆ ಬಣ್ಣದ ನೀರು ತಗ್ಗಿನಲ್ಲಿ ಮಡುಗಟ್ಟುತ್ತದೆ. ಸುತ್ತಲ ಜಾಗ ಮೊದಲು ಆರುತ್ತದೆ, ಮಡುವಿನ ನೀರು ಆ ಕಡೆ ನುಗ್ಗಿ ಹೂಕೋಸಿನ ಅಂಚಿನಂಥ ಕಲೆ ಬಿಡುತ್ತದೆ. ಆಕಾಶಕ್ಕೆ ಒಂದೇ ಸಮನಾದ ನೀಲಿ ಬೇಕೆಂದು ಕೂತವರಿಗೆ ಸಿಗುವುದು ಮೂರು ಹೂಕೋಸು. ಇದು ಕೈಯ ದೋಷವಲ್ಲ. ಇದೇ ಕೈ, ಇದೇ ಬಣ್ಣ, 300 ಜಿಎಸ್‌ಎಂ ಹತ್ತಿಯ ಕಾಗದದ ಮೇಲೆ ಎಷ್ಟೋ ಸಲೀಸು. 22×30 ಇಂಚಿನ ಒಂದು ಪೂರ್ತಿ ಹಾಳೆ ತಂದು ಮೂರು ಸಲ ಅರ್ಧ ಮಾಡಿದರೆ 19×28 ಸೆಂ.ಮೀ.ನ ಎಂಟು ತುಂಡು ಬರುತ್ತವೆ. ಆರಂಭಕ್ಕೆ ಧಾರಾಳ ಸಾಕು. ಮೈಸೂರಿಗೆ ಹೋಗುವವರ ಕೈಲಿ ತರಿಸಿದರೂ ಆಯಿತು, ಆನ್‌ಲೈನ್ ಆದರೂ ಆಯಿತು. ಸುರುಳಿ ಸುತ್ತಿ ಕಳಿಸಬೇಡಿ ಅಂತ ಹೇಳಿಬಿಡಿ.

ಕೊಡಗಿನ ಮಳೆಗಾಲ ಇದಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ಮಾರ್ಚ್‌ನಲ್ಲಿ ಹತ್ತು ನಿಮಿಷಕ್ಕೆ ಆರುವ ವಾಶ್ (ನೀರಾಗಿಸಿ ಹರಡಿದ ಬಣ್ಣದ ಪದರ) ಜುಲೈನಲ್ಲಿ ಅರ್ಧ ಗಂಟೆಯಾದರೂ ಹಸಿ. ಹೊಳಪು ಹೋಯಿತು, ಇನ್ನು ಎರಡನೇ ಪದರ ಹಾಕೋಣ ಅನ್ನಿಸುವ ಗಳಿಗೆಯೇ ಅತ್ಯಂತ ಅಪಾಯದ್ದು. ಮೇಲೆ ಮಂಕು, ಒಳಗೆ ನೀರು. ಆಗ ಬ್ರಷ್ ತಾಗಿದರೆ ಕೆಳಗಿನ ಬಣ್ಣ ಎದ್ದು ಕೆಸರಾಗುತ್ತದೆ. ಬೆರಳಿನ ಹಿಂಬದಿಯನ್ನು ಕಾಗದಕ್ಕೆ ಮೆಲ್ಲಗೆ ತಾಗಿಸಿ ನೋಡಿ: ತಣ್ಣಗಿದ್ದರೆ ಇನ್ನೂ ಹಸಿ, ಕೋಣೆಯಷ್ಟೇ ಬೆಚ್ಚಗಿದ್ದರೆ ಆರಿದೆ. ಹೇರ್ ಡ್ರೈಯರ್ ಹಿಡಿಯುವುದಾದರೆ ಹೊಳಪು ಹೋದ ಮೇಲೆ, ಒಂದಡಿ ದೂರದಿಂದ. ಮೊದಲೇ ಹಿಡಿದರೆ ಗಾಳಿ ಬಣ್ಣವನ್ನು ತಳ್ಳುತ್ತದೆ. ಕರೆಂಟ್ ಇಲ್ಲದ ದಿನ ಎರಡು ಚಿತ್ರ ಒಟ್ಟಿಗೆ ಶುರು ಮಾಡುವುದೇ ಜಾಣತನ. ಒಂದು ಆರುವಾಗ ಇನ್ನೊಂದಕ್ಕೆ ಕೈ ಹಾಕಬಹುದು. ಕಿಟ್‌ನ ಸೂಚನೆಯಲ್ಲಿ ‘ಕೆಲವು ನಿಮಿಷ ಕಾಯಿರಿ’ ಅಂತಷ್ಟೇ ಇದೆ. ಯಾವ ಊರಿನ ನಿಮಿಷ?

ಬಣ್ಣ ಪರವಾಗಿಲ್ಲ, ಬೆಲೆಗೆ ತಕ್ಕಂತಿದೆ. ಹನ್ನೆರಡರಲ್ಲಿ ಕಪ್ಪು, ಬಿಳಿ ಎರಡೂ ದಂಡ. ಎರಡು ಹಸಿರುಗಳದ್ದು ಮಾತ್ರ ದೊಡ್ಡ ತಲೆನೋವು, ಏಕೆಂದರೆ ಕೊಡಗಿನಲ್ಲಿ ಎತ್ತ ತಿರುಗಿದರೂ ಹಸಿರು. ಪ್ಯಾನ್‌ನಿಂದ ನೇರ ಎತ್ತಿದ ವಿರಿಡಿಯನ್ ಎಂಬ ನೀಲಿ ಛಾಯೆಯ ಹಸಿರು ಹಚ್ಚಿದರೆ ಕಾಫಿ ತೋಟ ಪ್ಲಾಸ್ಟಿಕ್ ಹೂಕುಂಡದ ಹಾಗೆ ಕಾಣುತ್ತದೆ. ಅರೇಬಿಕಾ ಕಾಫಿಯ ಎಲೆಗೆ ಹಳದಿ ಒಂದು ಪಾಲು, ಅಲ್ಟ್ರಾಮರೀನ್ (ಕಡು ನೀಲಿ) ಎರಡು ಪಾಲು, ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಬ್ರಷ್ ತುದಿಯಷ್ಟು. ರೊಬಸ್ಟಾ ಎಲೆ ದೊಡ್ಡದು, ಬಣ್ಣ ತುಸು ತಿಳಿ. ಅಲ್ಲಿ ಹಳದಿ ಹೆಚ್ಚಿಸಿ. ಎಲೆಯ ಮೇಲಿನ ಮಿಂಚಿಗೆ ಬಿಳಿ ಬಣ್ಣ ಬೇಡ, ಅಷ್ಟು ಜಾಗ ಕಾಗದ ಖಾಲಿ ಬಿಟ್ಟು ಆಮೇಲೆ ತೀರಾ ನೀರಾದ ನೀಲಿ ಎಳೆದರೆ ಸಾಕು, ಅಲ್ಲಿ ಕಾಣುವುದು ಆಕಾಶವೇ ತಾನೆ. ದೂರದ ಬೆಟ್ಟಕ್ಕೆ ಅಲ್ಟ್ರಾಮರೀನ್‌ಗೆ ಚೂರು ಸಿಯೆನ್ನಾ ಸೇರಿಸಿದ ಬೂದು. ಹಿಂದಿನ ಸಾಲು ತೆಳು, ಮುಂದಿನದು ದಪ್ಪ.

ಕಾರ್ಡುಗಳಿಗೆ ಬರೋಣ. ಮೊದಲ ಕಾರ್ಡ್ ‘ತಪ್ಪು ಎಂಬುದೇ ಇಲ್ಲ’ ಅನ್ನುತ್ತದೆ. ಇದ್ದೇ ಇದೆ. ಕೆಸರಾದ ಹಸಿರು ತಪ್ಪೇ, ಅದಕ್ಕೊಂದು ಕಾರಣವೂ ಇದೆ. ಕಾರಣ ತಿಳಿಯದವರು ಅದನ್ನು ಹಣೆಬರಹಕ್ಕೆ ಅಂಟಿಸುತ್ತಾರೆ, ಅಷ್ಟೇ. ಇನ್ನೊಂದು ಕಾರ್ಡ್ ‘ನಿಮ್ಮ ಬಲಮಿದುಳನ್ನು ಎಚ್ಚರಿಸಿ’ ಅನ್ನುತ್ತದೆ, ಕಲೆ ಬಲಮಿದುಳಿನವರ ಸೊತ್ತು ಎಂಬ ನಂಬಿಕೆಯಿಂದ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್ ನೋಡಿದಾಗ ಕೆಲವರು ಬಲಮಿದುಳಿನವರು, ಕೆಲವರು ಎಡಮಿದುಳಿನವರು ಎಂಬುದಕ್ಕೆ ಆಧಾರ ಸಿಗಲಿಲ್ಲ. ಆದರೆ ಅಭ್ಯಾಸಗಳು ಒಳ್ಳೆಯವು. ಅವು ಕೆಲಸ ಮಾಡುವುದು ಬೇರೆ ಕಾರಣಕ್ಕೆ: ಎಲೆ ಅಂದ ಕೂಡಲೇ ಶಾಲೆಯಲ್ಲಿ ಕಲಿತ ಎಲೆಯ ಗುರುತನ್ನು ಕೈ ಬರೆದುಬಿಡುತ್ತದೆ. ಆ ಚಾಳಿಯನ್ನು ಇವು ತಡೆಯುತ್ತವೆ.

ಕಣ್ಣು ಕಾಗದಕ್ಕೆ ಬೀಳದಂತೆ ಬರೆಯುವ ಅಭ್ಯಾಸ ನೋಡಿ. ಹಣ್ಣಿರುವ ಒಂದು ಕಾಫಿ ರೆಕ್ಕೆ (ಗಿಡದ ಅಡ್ಡಕೊಂಬೆ) ಎದುರಿಗಿಟ್ಟು, ಪೆನ್ಸಿಲ್ ಎತ್ತದೆ, ಐದು ನಿಮಿಷ ಅಂಚಿನ ಗುಂಟ ಇರುವೆ ಹರಿದ ಹಾಗೆ ಕಣ್ಣು ಹರಿಸಬೇಕು. ಕೈ ಅದೇ ವೇಗದಲ್ಲಿ ಹಿಂದೆಯೇ ಬರಬೇಕು. ಚಿತ್ರ ಸೊಟ್ಟಗೆ ಬರುತ್ತದೆ, ಬರಲಿ. ಆದರೆ ಎಲೆ ಜೋಡಿ ಕೂಡುವ ಗಿಣ್ಣಿನಲ್ಲಿ ಹಣ್ಣುಗಳು ಒತ್ತೊತ್ತಾಗಿ ಕೂತಿರುವುದು, ಒಂದೊಂದರ ತುದಿಯಲ್ಲೂ ಚಿಕ್ಕ ಬಿಲ್ಲೆಯಂಥ ಗುರುತು ಇರುವುದು ಆ ಗೆರೆಯಲ್ಲಿ ಸಿಕ್ಕಿರುತ್ತದೆ. ಎರಡು ನಿಮಿಷಕ್ಕೇ ಮುಗಿದರೆ ಕಣ್ಣು ಓಡಿದೆ ಎಂದರ್ಥ.

ಖಾಲಿ ಜಾಗ ಬರೆಯುವ ಕಾರ್ಡ್‌ಗೆ ತೋಟದ ಸಿಲ್ವರ್ ಓಕ್ ಸಾಲಿಗಿಂತ ಒಳ್ಳೆಯ ವಸ್ತು ಬೇಕಿಲ್ಲ. ರಟ್ಟಿನಲ್ಲಿ 2×3 ಸೆಂ.ಮೀ. ಕಿಂಡಿ ಕೊರೆದು, ಒಂದು ಕಣ್ಣು ಮುಚ್ಚಿ ನೋಡುತ್ತಾ ಕಾಂಡಗಳನ್ನು ಬಿಟ್ಟು ನಡುವಿನ ಬೆಳಕಿನ ಪಟ್ಟಿಗಳನ್ನು ಮಾತ್ರ ಬರೆಯಬೇಕು. ಮೆಣಸಿನ ಬಳ್ಳಿ ಹಬ್ಬಿದ ಕಾಂಡದ ಅಂಚು ಎಲ್ಲೆಲ್ಲಿ ಹರಿದಂತಿದೆ ಎಂಬುದು ಆಗ ತಾನಾಗಿ ಬೀಳುತ್ತದೆ. ತಲೆಕೆಳಗಾಗಿ ಬರೆಯುವ ಅಭ್ಯಾಸಕ್ಕೆ 1820ರಲ್ಲಿ ಕಟ್ಟಿದ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಫೋಟೋ ತಿರುಗಿಸಿ ಇಟ್ಟರೆ ಗುಮ್ಮಟ, ಮೂಲೆಯ ಗೋಪುರ ಎಂಬ ಹೆಸರುಗಳು ಮರೆತು ಬರೀ ಆಕಾರ ಉಳಿಯುತ್ತದೆ.

ನೀರಿನ ಬ್ರಷ್ ಪ್ರಯಾಣಕ್ಕೆ ಚೆಂದ, ಕಲಿಕೆಗೆ ಅಲ್ಲ. ಒತ್ತದಿದ್ದರೂ ತುದಿಗೆ ನೀರು ಇಳಿಯುತ್ತಲೇ ಇರುತ್ತದೆ. ಒಂದು 8ನೇ ನಂಬರ್ ರೌಂಡ್ ಬ್ರಷ್, ಹಳೆಯ ಹತ್ತಿ ಬಟ್ಟೆ ಇದ್ದರೆ ಹಿಡಿತ ಸಿಗುತ್ತದೆ.

ಪೆಟ್ಟಿಗೆಗಾಗಿ ಕಿಟ್ ಕೊಳ್ಳಬಹುದು, ಕಾಗದಕ್ಕಾಗಿ ಬೇಡ. ಪ್ಯಾಡ್ ಪೆನ್ಸಿಲ್ ಅಭ್ಯಾಸಕ್ಕೆ ಸರಿಹೋಗುತ್ತದೆ. ಬಣ್ಣ ಬಳಸಿದ ಮೇಲೆ ಮುಚ್ಚಳ ಹಾಕಬೇಡಿ. ಪ್ಯಾನ್‌ನಲ್ಲಿರುವ ಗೋಂದಿಗೆ ಜೂನ್‌ನಲ್ಲಿ ನಾಲ್ಕೇ ದಿನಕ್ಕೆ ಬೂಷ್ಟು ಬಂದರೂ ಆಶ್ಚರ್ಯವಿಲ್ಲ. ಪೂರ್ತಿ ಆರಿದ ಮೇಲೆ ಮುಚ್ಚಿ. ಹತ್ತಿ ಕಾಗದವನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಥಂಡಿ ಹೊಡೆದ ಕಾಗದದ ಮೇಲ್ಪದರದ ಅಂಟು ಹೋಗಿರುತ್ತದೆ, ಬಣ್ಣ ಒತ್ತುಕಾಗದಕ್ಕೆ ಬಿದ್ದ ಶಾಯಿಯಂತೆ ಅಲ್ಲಲ್ಲೇ ಇಂಗಿಬಿಡುತ್ತದೆ. ಮೂಲೆಯಲ್ಲಿ ಒಂದು ಹನಿ ಬಿಟ್ಟು ನೋಡಿ: ಹನಿ ಮೇಲೆ ನಿಂತರೆ ಹಾಳೆ ಚೆನ್ನಾಗಿದೆ.