ನಿಮ್ಮ ಲೇಖನಕ್ಕೆ ಏಕಾಏಕಿ ಸೈಟೇಶನ್ ಬಂದಿದೆಯಾ? ಖುಷಿಪಡುವ ಮೊದಲು ಪಟ್ಟಿ ತೆರೆದು ನೋಡಿ

ಕಾಲೇಜಿನಲ್ಲಿ ಪಾಠ ಮಾಡುವವರು, ಪಿಎಚ್‌ಡಿ ಮಾಡುತ್ತಿರುವವರು, ಈಗಷ್ಟೇ ಒಂದೆರಡು ಸಂಶೋಧನಾ ಲೇಖನ ಪ್ರಕಟಿಸಿದವರು ದಯವಿಟ್ಟು ಇದನ್ನು ಓದಿ. ಸೈಟೇಶನ್ ಅಂದರೆ ನಿಮ್ಮ ಲೇಖನವನ್ನು ಬೇರೆಯವರು ತಮ್ಮ ಲೇಖನದಲ್ಲಿ ಉಲ್ಲೇಖಿಸುವುದು. ಅದನ್ನು ಎಣಿಸುವ ಗೂಗಲ್ ಸ್ಕಾಲರ್‌ನಲ್ಲಿ ನಿಮ್ಮ ಹೆಸರಿನ ಪಕ್ಕ ಕಾಣುವ ಸಂಖ್ಯೆಯನ್ನು ಬೇರೆಯವರೂ ದುಡ್ಡು ಕೊಟ್ಟು ಏರಿಸಬಹುದು. ಅದೂ ನಿಮಗೆ ಗೊತ್ತಿಲ್ಲದ ಹಾಗೆ. ದುಡ್ಡು ಕೊಟ್ಟವರು ಅವರು, ಉತ್ತರ ಕೊಡಬೇಕಾದವರು ನೀವು. ನನಗೆ ಆಗಿದ್ದು ಇದೇ.

ನಾನು ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೆಳೆಯುವ ಜರೀಗಿಡಗಳ ಮೇಲೆ ನನ್ನ ಕೆಲಸ. ಈ ವಿಷಯ ಹಿಡಿದವರು ಬಹಳ ಕಡಿಮೆ. ಒಂದು ಲೇಖನಕ್ಕೆ ವರ್ಷಕ್ಕೆ ಒಂದೋ ಎರಡೋ ಸೈಟೇಶನ್ ಬಂದರೆ ಅದೇ ಜಾಸ್ತಿ. ಕೆಲವು ಲೇಖನಗಳನ್ನು ಹಿಂದೆ ನಮ್ಮ ವಿಭಾಗದಲ್ಲೇ ಇದ್ದ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಬರೆದಿದ್ದೆ. ಆಮೇಲೆ ಅವರು ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ಹೋದರು. ಮಾತುಕತೆ ಹಬ್ಬದ ಶುಭಾಶಯದ ಮಟ್ಟಕ್ಕೆ ಇಳಿಯಿತು.

ಸಂಶೋಧನಾ ಯೋಜನೆಯೊಂದಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಕರೆದರು. ಗಿಡಗಳ ಬಗ್ಗೆ ಕೇಳುತ್ತಾರೆ ಅಂತ ತಯಾರಾಗಿ ಹೋಗಿದ್ದೆ. ಒಬ್ಬ ತಜ್ಞರು ತಮ್ಮ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಕೇಳಿದರು: "ಮೇಡಂ, ಕಾಂಕ್ರೀಟ್ ಬಗ್ಗೆ ಬರೆದವರಿಗೆ ನಿಮ್ಮ ಜರೀಗಿಡ ಯಾಕೆ ಬೇಕಾಯ್ತು?"

ಪರದೆ ಮೇಲೆ ನಮ್ಮ ಲೇಖನವನ್ನು ಉಲ್ಲೇಖಿಸಿದವರ ಪಟ್ಟಿ ಇತ್ತು. ಕಾಂಕ್ರೀಟ್ ಒಂದೇ ಅಲ್ಲ. ಬ್ಯಾಂಕ್ ಸಾಲದ ವಸೂಲಿ, ಮುಖ ಗುರುತಿಸುವ ಸಾಫ್ಟ್‌ವೇರ್, ಆನ್‌ಲೈನ್ ಶಾಪಿಂಗ್ ಮಾಡುವವರ ಮನಸ್ಥಿತಿ. ಎಲ್ಲವೂ ನಮ್ಮ ಜರೀಗಿಡಗಳನ್ನು ಉಲ್ಲೇಖಿಸಿದ್ದವು. ನನಗೆ ಗೊತ್ತಿಲ್ಲ ಅಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಏನೋ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಯೋಜನೆ ಸಿಗಲಿಲ್ಲ. ಇದೇ ಕಾರಣ ಅಂತ ಯಾರೂ ಹೇಳಲಿಲ್ಲ, ಹೇಳುವುದೂ ಇಲ್ಲ.

ಮನೆಗೆ ಬಂದು ಆ ಲೇಖನಗಳನ್ನು ಒಂದೊಂದಾಗಿ ಇಳಿಸಿಕೊಂಡು ಓದಿದೆ. ಓದುವುದಕ್ಕೆ ಏನೂ ಇರಲಿಲ್ಲ ಬಿಡಿ. ಪೀಠಿಕೆಯಲ್ಲಿ "ಈ ಕ್ಷೇತ್ರದಲ್ಲಿ ಅನೇಕರು ಕೆಲಸ ಮಾಡಿದ್ದಾರೆ" ಅನ್ನುವ ಒಂದು ವಾಕ್ಯ. ಅದರ ಕೊನೆಗೆ ಆವರಣದಲ್ಲಿ 14–38. ಅಂದರೆ 14ರಿಂದ 38ರವರೆಗಿನ ಎಲ್ಲ ಲೇಖನಗಳೂ ಆ ಒಂದೇ ವಾಕ್ಯಕ್ಕೆ ಆಧಾರವಂತೆ. ಮದುವೆ ಊಟಕ್ಕೆ ಕರೆಯದವರೆಲ್ಲ ಬಂದು ಪಂಕ್ತಿಯಲ್ಲಿ ಕೂತ ಹಾಗೆ, ಆ ಸಾಲಿನಲ್ಲಿ ನಮ್ಮ ಲೇಖನವೂ ಕೂತಿತ್ತು. ನಂತರ ಇಡೀ ಬರಹದಲ್ಲಿ ಅವುಗಳ ಸುದ್ದಿಯೇ ಇಲ್ಲ.

ಇದನ್ನು ಯಾರು ಮಾಡಿಸಿದ್ದು ಅಂತ ಗೊತ್ತಾಗಿದ್ದು ಅಂಕಿಗಳಿಂದಲೇ. ಸ್ಕಾಲರ್‌ನಲ್ಲಿ ಯಾವುದೇ ಲೇಖನದ ಮೇಲೆ ಒತ್ತಿದರೆ ಯಾವ ವರ್ಷ ಎಷ್ಟು ಸೈಟೇಶನ್ ಬಂತು ಅಂತ ಚಿಕ್ಕ ಕಂಬಗಳು ಕಾಣುತ್ತವೆ. ಆರು, ಏಳು, ಎಂಟರಲ್ಲಿ ವರ್ಷಗಟ್ಟಲೆ ನಿಂತಿದ್ದ ಲೇಖನಗಳೆಲ್ಲ ಒಂದೇ ವರ್ಷದಲ್ಲಿ ಹನ್ನೊಂದು, ಹನ್ನೆರಡಕ್ಕೆ ಬಂದಿದ್ದವು. ಮೊದಲೇ ಚೆನ್ನಾಗಿ ಸೈಟೇಶನ್ ಇದ್ದ ಲೇಖನಕ್ಕೆ ಒಂದೂ ಹೊಸದಾಗಿ ಬಂದಿರಲಿಲ್ಲ. ನಾನೊಬ್ಬಳೇ ಬರೆದವುಗಳನ್ನು ಯಾರೂ ಮುಟ್ಟಿರಲಿಲ್ಲ. ಏರಿದ್ದೆಲ್ಲ ಆ ಸಹೋದ್ಯೋಗಿಯ ಜೊತೆ ಬರೆದವು ಮಾತ್ರ.

ಯಾಕೆ ಹನ್ನೊಂದು, ಹನ್ನೆರಡು? ಸ್ಕಾಲರ್ ಪ್ರೊಫೈಲಿನಲ್ಲಿ ಮೂರು ಸಂಖ್ಯೆ ಇರುತ್ತವೆ. ಒಟ್ಟು ಸೈಟೇಶನ್, ಎಚ್-ಇಂಡೆಕ್ಸ್, ಐ10-ಇಂಡೆಕ್ಸ್. ಎಚ್-ಇಂಡೆಕ್ಸ್ ಅನ್ನುವುದನ್ನು ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದರು. ಕನಿಷ್ಠ ಎಂಟೆಂಟು ಸೈಟೇಶನ್ ಇರುವ ಎಂಟು ಲೇಖನ ನಿಮ್ಮದಿದ್ದರೆ ನಿಮ್ಮ ಎಚ್ ಎಂಟು. ಐ10 ಇನ್ನೂ ಸರಳ. ಹತ್ತು ಅಥವಾ ಹೆಚ್ಚು ಸೈಟೇಶನ್ ಇರುವ ಲೇಖನ ಎಷ್ಟಿವೆ ಅಂತ ಎಣಿಸುವುದು, ಅಷ್ಟೇ. ದುಡ್ಡಿಗೆ ಸೈಟೇಶನ್ ಮಾರುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಹತ್ತರ ಗೆರೆಯಿಂದ ಸ್ವಲ್ಪ ಕೆಳಗೆ ಇರುವ ಲೇಖನಗಳನ್ನು ಮಾತ್ರ ಆರಿಸಿಕೊಂಡು, ಗೆರೆ ದಾಟುವಷ್ಟೇ ತಳ್ಳಿದರೆ ಸಾಕು. ಕಡಿಮೆ ಖರ್ಚಿನಲ್ಲಿ ಎರಡೂ ಇಂಡೆಕ್ಸ್ ಏರುತ್ತವೆ. ನಿಮ್ಮ ಪಟ್ಟಿಯಲ್ಲೂ ಹೀಗೆ ಗೆರೆಯ ಆಚೆ ಗುಂಪಾಗಿ ನಿಂತ ಲೇಖನಗಳು ಕಂಡರೆ ಅನುಮಾನಪಡಿ.

ಆ ಸಹೋದ್ಯೋಗಿಗೆ ಫೋನ್ ಮಾಡಿದೆ. ಅಡಗಿಸುವ ಪ್ರಯತ್ನವನ್ನೂ ಮಾಡಲಿಲ್ಲ.

"ಮೇಡಂ, ಇದ್ರಲ್ಲಿ ನಿಮಗೇನು ನಷ್ಟ? ನಿಮ್ಮ ಇಂಡೆಕ್ಸೂ ಏರಿತಲ್ಲ?"

"ನನ್ನನ್ನ ಕೇಳದೇ ನನ್ನ ಲೇಖನಕ್ಕೆ ದುಡ್ಡು ಕೊಟ್ರಾ?"

"ನಮ್ದು ಅಲ್ವಾ ಮೇಡಂ ಲೇಖನ. ಇಲ್ಲಿ ಟಾರ್ಗೆಟ್ ಇದೆ. ಎಲ್ಲರೂ ಮಾಡಿಸ್ತಾರೆ."

ಟಾರ್ಗೆಟ್ ಇರುವುದು ಸುಳ್ಳಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಪ್ರಕಟಣೆಗಳಿಗೂ ಅವುಗಳ ಸೈಟೇಶನ್‌ಗೂ ಅಂಕ ಇದೆ. ಅಲ್ಲಿ ಲೆಕ್ಕ ಹಿಡಿಯುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಅನ್ನುವ ದತ್ತಾಂಶಗಳಿಂದ. ಆದರೆ ಸಂಸ್ಥೆಯೊಳಗೆ ಒಬ್ಬೊಬ್ಬರನ್ನು ಅಳೆಯುವಾಗ ಎಷ್ಟೋ ಕಡೆ ಪುಕ್ಕಟೆ ಸಿಗುವ ಸ್ಕಾಲರ್ ಪುಟವನ್ನೇ ನೋಡುತ್ತಾರೆ. ಒತ್ತಡ ನನಗೂ ಅರ್ಥವಾಗುತ್ತದೆ. ಹಾಗಂತ ಇನ್ನೊಬ್ಬರ ಹೆಸರನ್ನೂ ಎಳೆದುಕೊಂಡು ಕೆಸರಿಗೆ ಇಳಿಯುವುದು ಯಾವ ನ್ಯಾಯ?

ಈ ಮಾರಾಟ ಎಷ್ಟು ಸಲೀಸು ಅನ್ನುವುದಕ್ಕೆ ಪುರಾವೆ ಬೇಕಿಲ್ಲ, ಆದರೂ ಇದೆ. ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಒಬ್ಬ ಸುಳ್ಳು ವಿಜ್ಞಾನಿಯ ಪ್ರೊಫೈಲ್ ಮಾಡಿ, 300 ಡಾಲರ್ ಕೊಟ್ಟು 50 ಸೈಟೇಶನ್ ಖರೀದಿಸಿ ತೋರಿಸಿದರು. ಅದಕ್ಕೂ ಮೊದಲು, 2010ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನ ಸಿರಿಲ್ ಲಾಬೆ ಅನ್ನುವವರು ಕಂಪ್ಯೂಟರ್ ಬರೆದ ಅರ್ಥವಿಲ್ಲದ ಲೇಖನಗಳನ್ನು ಒಂದಕ್ಕೊಂದು ಉಲ್ಲೇಖಿಸುವಂತೆ ಜೋಡಿಸಿ, ಐಕ್ ಆಂಟ್‌ಕೇರ್ ಅನ್ನುವ ಇಲ್ಲದ ಮನುಷ್ಯನಿಗೆ 94ರ ಎಚ್-ಇಂಡೆಕ್ಸ್ ಕೊಡಿಸಿದ್ದರು. ಐನ್‌ಸ್ಟೈನ್ ಅವನಿಗಿಂತ ಹಿಂದೆ! 2024ರಲ್ಲಿ ಇಬ್ಬರು ಇದೇ ರೀತಿ ಲ್ಯಾರಿ ಅನ್ನುವ ಬೆಕ್ಕಿಗೆ ಸೈಟೇಶನ್ ಕೊಡಿಸಿದರು. ಓದಿ ನಕ್ಕಿದ್ದೆ. ಆ ಬೆಕ್ಕಿಗಾದರೂ ಸಂದರ್ಶನಕ್ಕೆ ಹೋಗುವ ಕಷ್ಟ ಇರಲಿಲ್ಲ.

ಈ ಎಣಿಕೆ ಶುರುವಾದ ಉದ್ದೇಶವೇ ಬೇರೆ. ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಸೈಟೇಶನ್ ಸೂಚಿ ಬೇಕು ಅಂತ ಬರೆದಾಗ ಅವರ ಮುಂದೆ ಇದ್ದ ಮಾದರಿ ಅಮೆರಿಕದ ವಕೀಲರದು. ಹಳೆಯ ತೀರ್ಪನ್ನು ಆಮೇಲಿನ ಕೋರ್ಟುಗಳು ಎತ್ತಿ ಹಿಡಿದವಾ, ತಳ್ಳಿಹಾಕಿದವಾ ಅಂತ ನೋಡಲು ಅವರಿಗೆ ಒಂದು ಸೂಚಿ ಇತ್ತು. ವಿಜ್ಞಾನಿಗಳಿಗೂ ಅಂಥದ್ದೊಂದು ಇದ್ದರೆ, ಒಂದು ಲೇಖನದ ಬಗ್ಗೆ ಬಂದ ಟೀಕೆ ಓದುಗರ ಕಣ್ಣಿಗೆ ಬೀಳುತ್ತದೆ, ತಪ್ಪು ಮಾಹಿತಿಯನ್ನು ಕಣ್ಣುಮುಚ್ಚಿ ಉಲ್ಲೇಖಿಸುವುದು ತಪ್ಪುತ್ತದೆ ಅನ್ನುವ ಆಸೆ. ಈಗ ಅದೇ ಸೂಚಿಗಾಗಿ ಜನ ಕಣ್ಣುಮುಚ್ಚಿ ಉಲ್ಲೇಖಿಸುತ್ತಿದ್ದಾರೆ. ಟೀಕೆಯೋ ಮೆಚ್ಚುಗೆಯೋ ಅನ್ನುವುದೂ ಸಂಖ್ಯೆಗೆ ಗೊತ್ತಾಗುವುದಿಲ್ಲ. ಮಕ್ಕಳಿಗೆ ದಡಾರ ಮೊದಲಾದವು ಬರದಂತೆ ಹಾಕುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರಬಹುದು ಅಂತ ದಿಗಿಲು ಹುಟ್ಟಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂದಕ್ಕೆ ಪಡೆಯಿತು. ಅದಕ್ಕೆ ಇರುವ ಸೈಟೇಶನ್‌ಗಳಿಗೆ ಲೆಕ್ಕವಿಲ್ಲ. ಬಹುಪಾಲು ಅದು ತಪ್ಪು ಅಂತ ಹೇಳಿದವು.

ಇನ್ನು ಲೇಖಕರ ಹೆಸರಿನ ವ್ಯಾಪಾರ. ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರುವ ದರಪಟ್ಟಿಗಳಲ್ಲಿ ಸೈಟೇಶನ್ ಜೊತೆಗೆ ಲೇಖಕರ ಜಾಗವೂ ಇರುತ್ತದೆ. ಮೊದಲ ಹೆಸರಿಗೆ ಜಾಸ್ತಿ, ನಾಲ್ಕನೆಯದಕ್ಕೆ ಕಡಿಮೆ. ಅಧ್ಯಾಪಕರ ನೇಮಕ, ಬಡ್ತಿಗೆ ಅಂಕ ಲೆಕ್ಕ ಹಾಕುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮ ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಇಬ್ಬರೇ ಬರೆದಿದ್ದರೆ ಇಬ್ಬರಿಗೂ ಅಂಕದ ಶೇ. 70. ಇಬ್ಬರಿಗಿಂತ ಜಾಸ್ತಿ ಇದ್ದರೆ ಮೊದಲನೆಯವರಿಗೆ ಅಥವಾ ಪತ್ರವ್ಯವಹಾರ ಮಾಡುವ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ಏಜೆಂಟರು ಹೇಳುವ ಇನ್ನೊಂದು ಮಾತು, "ಈಗ ಕೇರ್ ಪಟ್ಟಿ ಇಲ್ಲ ಸಾರ್, ಯಾವ ಜರ್ನಲ್ ಆದ್ರೂ ನಡೆಯುತ್ತೆ." ಒಪ್ಪಿತ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದ್ದು ನಿಜ. ಆದರೆ ಅದರರ್ಥ ಜರ್ನಲ್ ಒಳ್ಳೆಯದಾ ಅಂತ ನೋಡುವ ಕೆಲಸ ಈಗ ಸಂಸ್ಥೆಗಳ ಮೇಲೆ, ನಮ್ಮ ಮೇಲೆ ಬಿತ್ತು ಅಂತ. ಪಟ್ಟಿ ಇದ್ದ ಕಾಲದಲ್ಲೂ ಎಲ್ಲ ಸರಿ ಇರಲಿಲ್ಲ. ಅದಕ್ಕೂ ಹಿಂದಿನ ಪಟ್ಟಿಯಿಂದ 2018ರಲ್ಲಿ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ಕಿತ್ತುಹಾಕಿದ್ದರು.

ಸರಿಪಡಿಸಲು ಹೋದಾಗ ನಿಜವಾದ ತಲೆನೋವು ಶುರುವಾಯಿತು. ಸ್ಕಾಲರ್‌ನಲ್ಲಿ ನಿಮ್ಮ ಲೇಖನವನ್ನು ಪ್ರೊಫೈಲಿನಿಂದ ತೆಗೆಯಬಹುದು. ಅದಕ್ಕೆ ಬಂದ ಒಂದೊಂದೇ ಸೈಟೇಶನ್ ತೆಗೆಯಲು ಬಟನ್ ಇಲ್ಲ. ಉಲ್ಲೇಖಿಸಿದ ಜರ್ನಲ್‌ಗಳ ಸಂಪಾದಕರಿಗೆ ಇಮೇಲ್ ಹಾಕಿದೆ. ಕೆಲವು ವಿಳಾಸಗಳೇ ಸತ್ತಿದ್ದವು. ಒಂದು ಕಡೆಯಿಂದ ಉತ್ತರ ಬಂತು: ನಿಮ್ಮ ಮುಂದಿನ ಲೇಖನ ನಮಗೇ ಕಳಿಸಿ, ರಿಯಾಯಿತಿ ಕೊಡುತ್ತೇವೆ! ಕೊನೆಗೆ ಮಳೆಗಾಲದಲ್ಲಿ ಉಂಬಳ ಕಚ್ಚಿಸಿಕೊಂಡು, ತೋಟ ತೋಟ ಅಲೆದು ಬರೆದ ಸಾಚಾ ಲೇಖನಗಳನ್ನೇ ನಾನು ಪ್ರೊಫೈಲಿನಿಂದ ತೆಗೆದುಹಾಕಬೇಕಾಯಿತು. ಕಳ್ಳ ಸೈಟೇಶನ್ ಹೋಗಲು ನನ್ನ ಕೆಲಸವೇ ಮರೆಯಾಗಬೇಕು. ಇವತ್ತಿಗೂ ಇದಕ್ಕೆ ಹೊಟ್ಟೆ ಉರಿಯುತ್ತದೆ.

ಅದೇ ತೋಟದವರಿಗಾಗಿ ಕನ್ನಡದಲ್ಲಿ ಬರೆದ ಚಿಕ್ಕ ಪುಸ್ತಿಕೆಯೊಂದು ಇದೆ. ಯಾವ ಜರೀಗಿಡ ಕಿತ್ತರೆ ದಂಡೆ ಕುಸಿಯುತ್ತದೆ, ಯಾವುದನ್ನು ಪಲ್ಯ ಮಾಡಬಹುದು ಅಂತ. ಅದನ್ನು ಹಿಡಿದುಕೊಂಡು ಕೇಳಲು ಬರುವವರು ಈಗಲೂ ಇದ್ದಾರೆ. ಅದು ಯಾವ ಇಂಡೆಕ್ಸಿನಲ್ಲೂ ಇಲ್ಲ, ಯಾರಿಗೂ ಅದನ್ನು ಹಾಳು ಮಾಡಲು ಆಗಲೂ ಇಲ್ಲ.

ಈಗ ನೀವು ಮಾಡಬಹುದಾದದ್ದು. ಸ್ಕಾಲರ್ ಸೆಟ್ಟಿಂಗ್‌ನಲ್ಲಿ ಹೊಸ ಲೇಖನಗಳನ್ನು ತಾನಾಗಿ ಸೇರಿಸಿಕೊಳ್ಳುವ ಆಯ್ಕೆಯನ್ನು ಬದಲಿಸಿ, ಇಮೇಲ್‌ನಲ್ಲಿ ಕೇಳಿಯೇ ಸೇರಿಸುವ ಹಾಗೆ ಇಡಿ. ನಮ್ಮ ಹೆಸರುಗಳಿಗೆ ಇದು ತುಂಬಾ ಮುಖ್ಯ. ಮನೆತನದ ಹೆಸರು ಬಳಸದೆ ಇನಿಶಿಯಲ್ ಹಾಕುವ ನಮ್ಮಲ್ಲಿ ಒಬ್ಬ ಮಂಜುನಾಥರ ಲೇಖನ ಇನ್ನೊಬ್ಬ ಮಂಜುನಾಥರ ಖಾತೆಗೆ ಹೋಗುವುದು ದಿನನಿತ್ಯದ ಕಥೆ. ಇನಿಶಿಯಲ್ಲನ್ನೇ ಮನೆತನದ ಹೆಸರು ಅಂತ ತಿಳಿದು ಎಸ್ ಅನ್ನುವವರ ಲೇಖನ ಅಂತಲೂ ದಾಖಲಾಗುತ್ತದೆ. ನನಗೂ ಮೊದಲು ಇದು ಹೆಸರಿನ ಗೊಂದಲ ಇರಬೇಕು ಅಂತಲೇ ಅನಿಸಿತ್ತು. ಆರ್ಕಿಡ್ (ORCID) ಅನ್ನುವ, ಸಂಶೋಧಕರಿಗೆ ಕೊಡುವ 16 ಅಂಕಿಯ ಗುರುತು ಸಂಖ್ಯೆ ಪುಕ್ಕಟೆ ಸಿಗುತ್ತದೆ, ಮಾಡಿಸಿಕೊಂಡು ಪ್ರತಿ ಲೇಖನದಲ್ಲೂ ಹಾಕಿ. ನಿಮ್ಮ ಲೇಖನಗಳಿಗೆ ಹೊಸ ಸೈಟೇಶನ್ ಬಂದಾಗ ಇಮೇಲ್ ಬರುವ ಹಾಗೂ ಮಾಡಿಡಿ. ಬಂದಾಗ ಸಂಖ್ಯೆ ನೋಡಿ ಬಿಡಬೇಡಿ, ಲೇಖನ ತೆರೆದು ನಿಮ್ಮ ಹೆಸರು ಯಾವ ವಾಕ್ಯಕ್ಕೆ ಅಂಟಿಕೊಂಡಿದೆ ಅಂತ ನೋಡಿ.

ಯಾರ ಜೊತೆಗಾದರೂ ಸೇರಿ ಬರೆಯುವ ಮೊದಲು ಅವರ ಪಟ್ಟಿಯನ್ನೂ ಹೀಗೇ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಮುಜುಗರ ಬೇಡ, ಅದು ಎಲ್ಲರಿಗೂ ಕಾಣುವ ಪುಟ. ಅನುಮಾನ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸಹಲೇಖಕರಿಗೆ ಫೋನ್ ಮಾಡಿ ಸುಮ್ನಾಗಬೇಡಿ, ಇಮೇಲ್‌ನಲ್ಲೇ ಕೇಳಿ. ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ. ನನ್ನ ಹತ್ತಿರ ಈಗ ಇರುವುದು ಆಮೇಲೆ ಅವರಿಗೆ ಕಳಿಸಿದ ಇಮೇಲ್ ಮಾತ್ರ. ಅದಕ್ಕೆ ಅವರು ಉತ್ತರಿಸಿಲ್ಲ. ಅದರ ಪ್ರತಿಯನ್ನು ನಮ್ಮ ಪ್ರಾಂಶುಪಾಲರಿಗೂ ಕೊಟ್ಟಿದ್ದೇನೆ.

ಪಬ್‌ಪೀರ್ ಅನ್ನುವ ತಾಣದಲ್ಲಿ ಪ್ರಕಟವಾದ ಲೇಖನಗಳ ಬಗ್ಗೆ ಯಾರು ಬೇಕಾದರೂ ಟಿಪ್ಪಣಿ ಬರೆಯಬಹುದು. ಅಲ್ಲಿ ನಮ್ಮದೇ ಲೇಖನದ ಕೆಳಗೆ ನಾನು ಬರೆದಿದ್ದೇನೆ: ಇಂತಿಂಥ ಉಲ್ಲೇಖಗಳು ವಿಷಯಕ್ಕೆ ಸಂಬಂಧವಿಲ್ಲದವು, ನಾನು ಕೇಳಿದ್ದಲ್ಲ. ಆ 14ರಿಂದ 38ರ ಸಾಲಿನಲ್ಲಿ ನಮ್ಮ ಅಕ್ಕಪಕ್ಕ ಕೂತಿದ್ದ ಬೇರೆ ಲೇಖಕರಿಗೂ ಇಮೇಲ್ ಕಳಿಸುತ್ತಿದ್ದೇನೆ. ಹೆಚ್ಚಿನವರು ಸುಮ್ಮನಿದ್ದಾರೆ. ಉತ್ತರ ಕೊಟ್ಟ ಒಂದಿಬ್ಬರಿಗೆ ಸಂಗತಿಯೇ ಗೊತ್ತಿರಲಿಲ್ಲ. ಅವರೂ ಈಗ ತಮ್ಮ ಸಹಲೇಖಕರನ್ನು ಕೇಳುತ್ತಿದ್ದಾರೆ.